ಗೋಡೆ ಬಿಟ್ಟು ನೆಲಕ್ಕಿಳಿದ ಕಲೆ

ಕಳೆದ ಐವತ್ತು–ಅರವತ್ತು ವರ್ಷಗಳಲ್ಲಿ ನಿಸರ್ಗವನ್ನು ಕುರಿತ ಕಲಾ ಪ್ರದರ್ಶನಗಳ ಸ್ವರೂಪವೇ ಬದಲಾಗಿದೆ. ಬೆಟ್ಟ, ಹೊಳೆ, ಮೋಡಗಳ ಚಿತ್ರಕ್ಕೆ ಚೌಕಟ್ಟು ಹಾಕಿ ತೂಗುಬಿಡುತ್ತಿದ್ದ ಗ್ಯಾಲರಿಗಳಿಗೆ ಭತ್ತದ ಕಾಳು, ಮಡಕೆ ಚೂರು, ನೆರೆಯಲ್ಲಿ ನೆಂದ ಕುರ್ಚಿ ಬಂದಿವೆ. ಕೆಲವು ಕಲಾವಿದರು ಗ್ಯಾಲರಿಯ ಹಂಗೇ ಬೇಡವೆಂದು ಊರ ಬೀದಿಯಲ್ಲಿ ಮರ ನೆಟ್ಟಿದ್ದಾರೆ, ಮಹಾನಗರದ ನಟ್ಟನಡುವೆ ಗೋಧಿ ಬಿತ್ತಿದ್ದಾರೆ, ಹಳ್ಳಿಯ ಕೈಪಂಪಿನ ಸುತ್ತ ಕಟ್ಟೆ ಕಟ್ಟಿದ್ದಾರೆ. ಇದೂ ಕಲೆಯೇ ಎಂದು ನೋಡುಗರು ಹುಬ್ಬೇರಿಸುವುದು ಸಹಜ. ಈ ಬಗೆಯ ಕೆಲಸಗಳಲ್ಲಿ ನೆಲವೇ ದಾಖಲೆಯಾಗಿ ಮುಂದೆ ಬರುತ್ತದೆ. ಇಲ್ಲಿ ಯಾರು ಬದುಕಿದ್ದರು, ನೀರು ಯಾವ ಕಡೆ ಹರಿಯುತ್ತಿತ್ತು, ಜಮೀನು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನೆಲ್ಲ ಆ ದಾಖಲೆಯಿಂದ ಓದಿ ಹೇಳುವುದು ಕಲಾವಿದರ ಕೆಲಸವಾಗುತ್ತದೆ.

ಹಳೆಯ ನಿಸರ್ಗಚಿತ್ರಗಳೂ ಒಂದರ್ಥದಲ್ಲಿ ದಾಖಲೆಗಳೇ, ಬರೆದವರಿಗೆ ಆ ಉದ್ದೇಶ ಇರಲಿಲ್ಲ ಅಷ್ಟೆ. ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳಲ್ಲಿ ಮಂಜು, ಬೆಳಕು, ದಿನದ ಹೊತ್ತುಗಳೇ ವಸ್ತು. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳನ್ನು ಬಣ್ಣ ತುಂಬಿ ತುಳುಕುವಂತೆ ಬರೆದರು. ಆ ಚಿತ್ರಗಳನ್ನು ಈಗ ನೋಡುವವರು ಹೂವಿನ ಚೆಲುವಿನ ಜತೆಗೆ, ಮರಗಳ ಕೆಳಗಿನ ರಸ್ತೆ ಆಗ ಎಷ್ಟು ಖಾಲಿ ಇತ್ತು ಎಂಬುದನ್ನೂ ನೋಡುತ್ತಾರೆ. ರಸ್ತೆ ಅಗಲವಾಗಿ ಮರಗಳು ಉರುಳಿದ ಮೇಲೆ ಚಿತ್ರಕ್ಕೆ ಹೊಸ ಅರ್ಥ ಬಂದಿದೆ. ಸಮಕಾಲೀನ ಕಲಾವಿದರು ಇದೇ ಅರ್ಥವನ್ನು ಮೊದಲಿನಿಂದಲೇ ಗುರಿಯಾಗಿಟ್ಟುಕೊಂಡು ಹೊರಡುತ್ತಾರೆ.

ಈ ಹೊರಳುವಿಕೆ ಶುರುವಾದದ್ದು 1960ರ ದಶಕದ ಕೊನೆಯಲ್ಲಿ, ಅಮೆರಿಕ ಮತ್ತು ಯುರೋಪಿನಲ್ಲಿ. ಲ್ಯಾಂಡ್ ಆರ್ಟ್ ಎಂದು ಹೆಸರಾದ ಈ ಪಂಥದ ಕಲಾವಿದರು ಬುಲ್ಡೋಜರು, ಡಂಪರ್ ಲಾರಿ ಬಾಡಿಗೆಗೆ ಹಿಡಿದು ಮರುಭೂಮಿಗೆ ಹೋದರು. ರಾಬರ್ಟ್ ಸ್ಮಿತ್ಸನ್ 1970ರಲ್ಲಿ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ದಂಡೆಯಲ್ಲಿ ಕಪ್ಪು ಬಸಾಲ್ಟ್ ಕಲ್ಲು, ಮಣ್ಣು ಸುರಿದು 1,500 ಅಡಿ ಉದ್ದದ ಸುರುಳಿಯೊಂದನ್ನು ಕಟ್ಟಿದರು. ಸ್ಪೈರಲ್ ಜೆಟ್ಟಿ ಎಂಬ ಈ ಕೃತಿ ಕೆಲವೇ ವರ್ಷಗಳಲ್ಲಿ ಸರೋವರದಲ್ಲಿ ಮುಳುಗಿತು. ಸ್ಮಿತ್ಸನ್ 1973ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2002ರ ಹೊತ್ತಿಗೆ ಬರಗಾಲದಿಂದ ನೀರು ಇಳಿದು, ಉಪ್ಪು ಹೆಪ್ಪುಗಟ್ಟಿ ಬೆಳ್ಳಗಾದ ಸುರುಳಿ ಮತ್ತೆ ಮೇಲೆದ್ದಿತು. ಸರೋವರಕ್ಕೆ ಬರುವ ಹೊಳೆಗಳ ನೀರನ್ನು ಮೇಲುಭಾಗದಲ್ಲೇ ಹೊಲಗಳಿಗೂ ಊರುಗಳಿಗೂ ತಿರುಗಿಸಿಕೊಂಡದ್ದರಿಂದ ದಂಡೆ ದೂರ ದೂರ ಸರಿದು, ಈಗ ಕಲ್ಲಿನ ಸುರುಳಿ ಒಣನೆಲದ ಮೇಲೆ ನಿಂತಿದೆ. ಕಲಾವಿದ ಯೋಚಿಸಿಯೇ ಇರದ ಕೆಲಸವೊಂದನ್ನು ಅದು ಮಾಡುತ್ತಿದೆ: ಸರೋವರ ಎಷ್ಟು ಬತ್ತಿತು ಎಂದು ತೋರಿಸುವ ಗುರುತುಗಲ್ಲಾಗಿದೆ.

ಲ್ಯಾಂಡ್ ಆರ್ಟಿನ ಮೊದಲ ತಲೆಮಾರಿಗೆ ನೆಲದ ಗಾತ್ರ, ಏಕಾಂತ, ಭೂವಿಜ್ಞಾನದ ಕಾಲ ಇವೇ ಮುಖ್ಯವಾಗಿದ್ದವು. ಆ ನೆಲದ ಮನುಷ್ಯರ ಬಗ್ಗೆ ಅದು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮನುಷ್ಯರನ್ನು ಒಳಗೆ ತಂದ ಕೆಲಸಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಜರ್ಮನಿಯ ಕಾಸೆಲ್ ನಗರದ್ದು.

ಎರಡನೇ ಮಹಾಯುದ್ಧದಲ್ಲಿ, 1943ರ ಅಕ್ಟೋಬರಿನ ಬಾಂಬ್ ದಾಳಿಗೆ ಕಾಸೆಲ್‌ನ ಹಳೆಯ ಪೇಟೆ ಸುಟ್ಟು ಬೂದಿಯಾಯಿತು. 1955ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಮೇಳ ನಡೆದಾಗ, ಊರಿನವರೇ ಆದ ಆರ್ನಾಲ್ಡ್ ಬೋಡೆ ಅದರ ಜತೆಗೊಂದು ಆಧುನಿಕ ಕಲಾ ಪ್ರದರ್ಶನ ಏರ್ಪಡಿಸಿದರು. ಡಾಕ್ಯುಮೆಂಟಾ ಎಂಬ ಆ ಪ್ರದರ್ಶನ ಈಗ ಐದು ವರ್ಷಕ್ಕೊಮ್ಮೆ, ನೂರು ದಿನಗಳ ಕಾಲ ನಡೆಯುತ್ತದೆ. ಸಮಕಾಲೀನ ಕಲೆಗೆ ಅದು ಜಗತ್ತಿನ ದೊಡ್ಡ ಜಾತ್ರೆಗಳಲ್ಲೊಂದು. 1982ರ ಏಳನೇ ಡಾಕ್ಯುಮೆಂಟಾಕ್ಕೆ ಜೋಸೆಫ್ ಬಾಯ್ಸ್ ಎಂಬ ಕಲಾವಿದರನ್ನು ಕರೆದಾಗ ಅವರು ಸಭಾಂಗಣದೊಳಗೆ ಇಡುವ ಕೃತಿ ಕೊಡಲಿಲ್ಲ. ಊರ ತುಂಬ 7,000 ಮರ ನೆಡುತ್ತೇನೆ, ಒಂದೊಂದರ ಪಕ್ಕದಲ್ಲೂ ಒಂದೊಂದು ಕಲ್ಲು ನಿಲ್ಲಿಸುತ್ತೇನೆ ಎಂದರು.

ಕಲ್ಲು ಬಂದದ್ದು ಕಾಸೆಲ್ ಸುತ್ತಲಿನ ಬಸಾಲ್ಟ್ ಬೆಟ್ಟದಿಂದ. ಲಾವಾ ತಣಿಯುವಾಗ ಸೀಳಿ ಬಹುಕೋನದ ಕಂಬಗಳಾದ ಶಿಲೆ ಅದು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದವರಿಗೆ ಈ ಆಕಾರ ಪರಿಚಿತ. ಅಲ್ಲಿನ ಶಿಲೆಯ ಜಾತಿ ಬೇರೆಯಾದರೂ ಕಂಬವಾದ ಬಗೆ ಒಂದೇ. ಇಂಥ 7,000 ಕಂಬಗಳನ್ನು ನಗರದ ಮುಖ್ಯ ಚೌಕದಲ್ಲಿ, ಫ್ರಿಡೆರಿಷಿಯಾನಮ್ ವಸ್ತುಸಂಗ್ರಹಾಲಯದ ಮುಂದೆ, ಬೆಣೆಯಾಕಾರದಲ್ಲಿ ರಾಶಿ ಹಾಕಲಾಯಿತು. ಬೆಣೆಯ ಮೊನೆಯಲ್ಲಿ ಬಾಯ್ಸ್ 1982ರ ಮಾರ್ಚ್ 16ರಂದು ಮೊದಲ ಓಕ್ ನೆಟ್ಟರು. ನಿಯಮ ಸರಳವಾಗಿತ್ತು. ಒಂದು ಮರ ನೆಟ್ಟರೆ ಮಾತ್ರ ರಾಶಿಯಿಂದ ಒಂದು ಕಲ್ಲು ಹೋಗಬೇಕು. ರಾಶಿ ಕರಗಬೇಕೆಂದರೆ ಊರವರು ಮರ ನೆಡಲೇಬೇಕು.

ಚೌಕದಲ್ಲಿ ಬಿದ್ದ ಕಲ್ಲುರಾಶಿ ಕಂಡು ಊರವರು ಸಿಡಿಮಿಡಿಗೊಂಡರು. ಅಸಹ್ಯ ಎಂದರು, ಕಾರು ನಿಲ್ಲಿಸುವ ಜಾಗ ಹೋಯಿತು ಎಂದರು. ಆ ಸಿಟ್ಟೂ ಲೆಕ್ಕಾಚಾರದ ಭಾಗವೇ ಆಗಿತ್ತೆನ್ನಬೇಕು. ಪ್ರತಿ ಮರಕ್ಕೆ 500 ಜರ್ಮನ್ ಮಾರ್ಕ್ ವಂತಿಗೆ ಕೇಳಲಾಯಿತು. ಅಮೆರಿಕದ ಡಿಯಾ ಆರ್ಟ್ ಫೌಂಡೇಷನ್ ಆರಂಭದ ಹಣ ಕೊಟ್ಟಿತು. ದುಡ್ಡಿಗಾಗಿ ಬಾಯ್ಸ್ ಜಪಾನಿನ ವಿಸ್ಕಿಯ ಜಾಹೀರಾತಿನಲ್ಲೂ ಕಾಣಿಸಿಕೊಂಡರು. ರಷ್ಯದ ತ್ಸಾರ್ ದೊರೆಯ ಕಿರೀಟದ ಚಿನ್ನದ ನಕಲೊಂದನ್ನು ಜನರೆದುರೇ ಕರಗಿಸಿ, ಅದರಿಂದ ಮೊಲದ ಬೊಂಬೆ ಎರಕಹೊಯ್ದು ಮಾರಿ ಬಂದ ಹಣವನ್ನೂ ಮರಗಳಿಗೆ ಹಾಕಿದರು. ಗಿಡ ಎಲ್ಲಿ ಬೇಕೆಂದು ಶಾಲೆಗಳು, ಬೀದಿಯ ನಿವಾಸಿಗಳು, ಸಂಘಗಳು ಅರ್ಜಿ ಹಾಕುತ್ತಿದ್ದವು. ನೆಲದಡಿಯ ನೀರಿನ ಕೊಳವೆ, ತಂತಿಗಳ ನಕ್ಷೆ ಹಿಡಿದು ನಗರಾಡಳಿತದ ಜತೆ ಗುದ್ದಾಡಬೇಕಿತ್ತು. ಕೃತಿಯ ಹೆಸರಿನಲ್ಲಿ ಓಕ್ ಇದ್ದರೂ ಆಯಾ ಜಾಗಕ್ಕೆ ಹೊಂದುವ ಆಶ್, ಮೇಪಲ್, ಪ್ಲೇನ್, ಲಿಂಡೆನ್ ಮರಗಳೂ ಸೇರಿದವು.

ಬಾಯ್ಸ್ 1986ರ ಜನವರಿಯಲ್ಲಿ ತೀರಿಕೊಂಡರು, ರಾಶಿ ಇನ್ನೂ ಉಳಿದಿತ್ತು. ಕೊನೆಯ ಮರವನ್ನು ಅವರ ಮಗ 1987ರ ಜೂನ್‌ನಲ್ಲಿ, ಎಂಟನೇ ಡಾಕ್ಯುಮೆಂಟಾ ಆರಂಭದ ದಿನ, ಮೊದಲ ಮರದ ಪಕ್ಕದಲ್ಲೇ ನೆಟ್ಟರು. ಶುರುವಿನಲ್ಲಿ ಸಣಕಲು ಸಸಿಯ ಪಕ್ಕ ಸುಮಾರು ನಾಲ್ಕಡಿಯ ಕಲ್ಲು ದೊಡ್ಡದಾಗಿ ಕಾಣುತ್ತಿತ್ತು. ಈಗ ಬೊಡ್ಡೆ ದಪ್ಪವಾಗಿ ಕಲ್ಲು ಅದರ ಬುಡದಲ್ಲಿ ಕುಳಿತಂತಿದೆ. ಬೆಳೆಯದ ವಸ್ತುವೊಂದನ್ನು ಪಕ್ಕಕ್ಕೆ ಇಟ್ಟದ್ದರಿಂದಲೇ ಬೆಳೆಯುವುದು ಕಣ್ಣಿಗೆ ಕಾಣುತ್ತದೆ. ಬರೀ ಮರ ನೆಟ್ಟಿದ್ದರೆ ಅದು ಒಳ್ಳೆಯ ವನಮಹೋತ್ಸವ ಆಗುತ್ತಿತ್ತು. ಅದನ್ನು ಕಲೆಯಾಗಿಸಿದ್ದು ಈ ಕಲ್ಲು ಎಂದರೆ ತಪ್ಪಾಗದು.

ಅದೇ 1982ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಆಗ್ನೆಸ್ ಡೆನೆಸ್ ಎಂಬ ಕಲಾವಿದೆ ಮ್ಯಾನ್‌ಹಟನ್‌ನ ತುದಿಯಲ್ಲಿ ಎರಡು ಎಕರೆ ಗೋಧಿ ಬೆಳೆದರು. ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟುವಾಗ ಅಗೆದ ಮಣ್ಣನ್ನು ನದಿಗೆ ತುಂಬಿ ಮಾಡಿದ ಜಾಗ ಅದು. ಕಲ್ಲು, ಕಸ ಆಯ್ದು, 285 ಸಾಲುಗಳನ್ನು ಕೈಯಲ್ಲೇ ತೋಡಿ ಬಿತ್ತಿದರು. ಆಗಸ್ಟ್ 16ರಂದು ಕೊಯ್ಲಾದಾಗ ಸಾವಿರ ಪೌಂಡಿಗೂ ಮೀರಿ ಗೋಧಿ ಬಂತು. ಆ ನೆಲದ ಬೆಲೆ ಆಗ 450 ಕೋಟಿ ಡಾಲರ್ ಎಂಬ ಅಂದಾಜಿತ್ತು. ವಾಲ್ ಸ್ಟ್ರೀಟಿನ ಮಗ್ಗುಲಲ್ಲೇ ನಾಲ್ಕು ಕಾಸಿನ ಬೆಳೆ ತೆಗೆದದ್ದೇ ಕೃತಿಯ ತಿರುಳು. ಒಂದೇ ಬೆಳೆಗೆ ಅದು ಮುಗಿಯಿತು; ಹೊಲವಿದ್ದ ಜಾಗದಲ್ಲಿ ಈಗ ಗಗನಚುಂಬಿ ಕಟ್ಟಡಗಳಿವೆ.

ಭಾರತದಲ್ಲಿ ಇಂಥ ಕಲೆಗೆ ಬೇರೆಯೇ ಒತ್ತಡವಿದೆ. ಇಲ್ಲಿ ನೆಲದ ಪ್ರಶ್ನೆ ಬಹುಪಾಲು ಭೂಸ್ವಾಧೀನದ ಪ್ರಶ್ನೆ. ದೆಹಲಿಯ ಚಲನಚಿತ್ರ ನಿರ್ದೇಶಕ, ಕಲಾವಿದ ಅಮರ್ ಕನ್ವರ್ ಅವರ ದ ಸಾವರಿನ್ ಫಾರೆಸ್ಟ್ ಇದಕ್ಕೆ ಗಟ್ಟಿಯಾದ ಉದಾಹರಣೆ. 1990ರ ದಶಕದ ಕೊನೆಯಿಂದ ಒಡಿಶಾದ ಗಣಿ, ಕಾರ್ಖಾನೆ, ಬಂದರು ಪ್ರದೇಶಗಳಲ್ಲಿ ಅವರು ಚಿತ್ರೀಕರಣ ಮಾಡುತ್ತಿದ್ದರು. 2006ರ ಜನವರಿಯಲ್ಲಿ ಕಳಿಂಗನಗರದಲ್ಲಿ ಜಮೀನು ಬಿಡಲೊಪ್ಪದ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತ ರಾಜ್ಯ ಅದು. ಪೋಸ್ಕೊ ಉಕ್ಕು ಕಂಪನಿಯ ಯೋಜನೆಗೆ 2005ರಲ್ಲಿ ಒಪ್ಪಂದವಾಗಿ, ಕರಾವಳಿಯ ವೀಳ್ಯದೆಲೆ ಬೆಳೆಗಾರರು ವರ್ಷಗಟ್ಟಲೆ ಎದುರು ನಿಂತದ್ದೂ ಅಲ್ಲೇ. ಇದೇ ಕಂಪನಿಗೆ ಗದಗ ಜಿಲ್ಲೆಯ ಹಳ್ಳಿಗುಡಿ ಸುತ್ತ ಭೂಮಿ ಕೊಡುವ ಪ್ರಯತ್ನ 2011ರಲ್ಲಿ ರೈತರ, ಮಠಾಧೀಶರ ವಿರೋಧದಿಂದ ನಿಂತಿತೆಂಬುದು ಕನ್ನಡ ಓದುಗರಿಗೆ ನೆನಪಿರಬಹುದು.

ಕನ್ವರ್ ಅವರ 42 ನಿಮಿಷದ ಚಿತ್ರದಲ್ಲಿ ಗುಂಡೇಟಿಲ್ಲ, ಘೋಷಣೆಯಿಲ್ಲ. ಗಾಳಿಗೆ ತೂಗುವ ಹುಲ್ಲು, ನೀರು ತುಂಬಿದ ಗದ್ದೆ, ಮರದ ಕೆಳಗೆ ನಿಂತ ದನ, ದಾರಿಹೋಕ. ಕಾಣುವ ಹೆಚ್ಚುಕಡಿಮೆ ಎಲ್ಲ ಜಾಗವೂ ಸ್ವಾಧೀನಕ್ಕೆ ಗೊತ್ತುಪಡಿಸಿದ್ದು. ದ ಸೀನ್ ಆಫ್ ಕ್ರೈಮ್ ಎಂಬ ಅದರ ಹೆಸರು, ಅಂದರೆ ಅಪರಾಧ ನಡೆದ ಜಾಗ ಎಂಬುದು, ಗೊತ್ತಾದ ಮೇಲೆ ಅದೇ ಹುಲ್ಲನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಚಿತ್ರದ ಪಕ್ಕದ ಕತ್ತಲ ಕೋಣೆಯಲ್ಲಿ ಕೈಯಿಂದ ತಯಾರಿಸಿದ ದಪ್ಪ ಕಾಗದದ ದೊಡ್ಡ ಪುಸ್ತಕಗಳು. ಕಾಗದದ ಒಳಗೇ ಮೀನುಬಲೆಯ ತುಂಡು, ಬಟ್ಟೆ, ಭತ್ತ, ವೀಳ್ಯದೆಲೆ, ಪತ್ರಿಕೆಯ ಹಾಳೆ ಸೇರಿಕೊಂಡಿವೆ. ಹಾಳೆಯ ಮೇಲೆ ಸಣ್ಣ ಚಲನಚಿತ್ರಗಳು ಬೆಳಕಾಗಿ ಬೀಳುತ್ತವೆ. ನೋಡುಗ ತಾನೇ ಪುಟ ಮಗುಚಬೇಕು. ಒಂದು ಗೋಡೆಯುದ್ದಕ್ಕೂ ಸಣ್ಣ ಸಣ್ಣ ಗೂಡುಗಳಲ್ಲಿ ಒಡಿಶಾದ 250ಕ್ಕೂ ಹೆಚ್ಚು ನಾಟಿ ಭತ್ತದ ತಳಿಗಳು. ಅವನ್ನು ಉಳಿಸಿ ಬೆಳೆಸಿದವರು ಅದೇ ರಾಜ್ಯದ ಕೃಷಿಕ ನಟಬರ ಸಾರಂಗಿ. ಕಪ್ಪು, ಕೆಂಪು, ಹೊಂಬಣ್ಣ, ಮೀಸೆಯಿದ್ದದ್ದು, ಮೀಸೆಯಿಲ್ಲದ್ದು ಹೀಗೆ ಕಾಳುಗಳ ಸಾಲು ನೋಡುತ್ತ ಹೋದರೆ, ಜಮೀನು ಹೋದಾಗ ಅದರ ಜತೆ ಇನ್ನೇನೇನು ಹೋಗುತ್ತದೆ ಎಂಬ ಲೆಕ್ಕ ತಾನಾಗಿ ಸಿಗುತ್ತದೆ.

ಈ ಕೃತಿ 2012ರಲ್ಲಿ ಕಾಸೆಲ್‌ನ ಹದಿಮೂರನೇ ಡಾಕ್ಯುಮೆಂಟಾದಲ್ಲಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಭುವನೇಶ್ವರದಲ್ಲೂ, ಸಮದೃಷ್ಟಿ ಎಂಬ ಒಡಿಯಾ ಪತ್ರಿಕೆಯ ಆವರಣದಲ್ಲಿ, ಬಾಗಿಲು ತೆರೆಯಿತು. ಅಲ್ಲಿಗೆ ಹಳ್ಳಿಗಳಿಂದ ಜನ ಬಂದು ತಮ್ಮ ಬಳಿಯಿದ್ದ ಫೋಟೊ, ಕಾಗದಪತ್ರಗಳನ್ನು ಸೇರಿಸುವುದಕ್ಕೂ ಅವಕಾಶವಿತ್ತು. ಯುರೋಪಿನ ಮೆಚ್ಚುಗೆಗಿಂತ ಭುವನೇಶ್ವರದ ಈ ಕೋಣೆಯೇ ಕೃತಿಯ ನಿಜವಾದ ತೂಕ. ಯಾರ ಜಮೀನಿನ ಕತೆಯೋ ಅವರ ಊರಿನ ಹತ್ತಿರ, ಅವರ ನುಡಿಯಲ್ಲಿ ಅದು ಇರದಿದ್ದರೆ, ದುಃಖವನ್ನು ರಫ್ತು ಮಾಡಿದಂತಾಗುತ್ತಿತ್ತು.

ಛತ್ತೀಸಗಢದ ಬಸ್ತರ್ ಪ್ರದೇಶದ ಕೊಂಡಾಗಾಂವ್‌ನಲ್ಲಿ ಮುಂಬಯಿಯ ಕಲಾವಿದೆ ನವಜೋತ್ ಅಲ್ತಾಫ್ 1990ರ ದಶಕದ ಕೊನೆಯಿಂದ ಅಲ್ಲಿನ ಆದಿವಾಸಿ ಶಿಲ್ಪಿಗಳ ಜತೆ ಮಾಡಿದ ಕೆಲಸ ಇನ್ನೂ ನೇರವಾದದ್ದು. ಸರಕಾರ ಹಾಕಿಸಿದ ಕೈಪಂಪುಗಳ ಸುತ್ತ ಕೆಸರು ನಿಲ್ಲುತ್ತಿತ್ತು. ತುಂಬಿದ ಕೊಡವನ್ನು ನೆಲದಿಂದ ತಲೆಗೇರಿಸಲು ಹೆಂಗಸರು ಸೊಂಟ ಬಗ್ಗಿಸಬೇಕಿತ್ತು. ಊರವರೊಂದಿಗೆ ಕೂತು ರೂಪಿಸಿದ ಹೊಸ ಕಟ್ಟೆಗಳಲ್ಲಿ ಕೊಡವನ್ನು ಎತ್ತರದಲ್ಲಿ ಇಡುವ ಗೂಡು, ಅಡ್ಡೆ ಬಂದವು. ಚೆಲ್ಲಿದ ನೀರು ಇಂಗುಗುಂಡಿಗೆ ಹರಿಯಿತು. ಗೋಡೆಗಳ ಮೇಲೆ ಸ್ಥಳೀಯ ಶಿಲ್ಪಿಗಳ ಕೆತ್ತನೆ ಮೂಡಿತು. ನಲ್ಪಾರ್ ಎಂದು ಕರೆಯುವ ಈ ಕಟ್ಟೆಗಳನ್ನು ಶಿಲ್ಪವೆನ್ನಬೇಕೋ ಕಾಮಗಾರಿಯೆನ್ನಬೇಕೋ ಎಂದು ವಿಮರ್ಶಕರು ಚರ್ಚಿಸಿದ್ದಾರೆ. ನೀರಿಗೆ ಬರುವವರಿಗೆ ಆ ಚರ್ಚೆಯಿಂದ ಆಗಬೇಕಾದದ್ದೇನೂ ಇಲ್ಲ.

ನೆಲದ ಇತಿಹಾಸವನ್ನೇ ಹೂರಣವಾಗಿ ಹೊಂದಿರುವ ಪ್ರದರ್ಶನವೆಂದರೆ ಕೊಚ್ಚಿ-ಮುಜಿರಿಸ್ ಬಿನಾಲೆ. 2012ರ ಡಿಸೆಂಬರ್ 12ರಂದು ಆರಂಭವಾದ ಇದು ತನ್ನ ಹೆಸರಿನಲ್ಲೇ ಕಳೆದುಹೋದ ಬಂದರೊಂದನ್ನು ಹೊತ್ತಿದೆ. ಎರಡು ಸಾವಿರ ವರ್ಷದ ಹಿಂದೆ ರೋಮಿನವರು ಕರಿಮೆಣಸಿಗಾಗಿ ಬರುತ್ತಿದ್ದ ಮುಜಿರಿಸ್, ಪೆರಿಯಾರ್ ನದಿಯ ಮುಖದಲ್ಲಿತ್ತು. 1341ರ ಭಾರೀ ನೆರೆಯಲ್ಲಿ ನದಿ ದಿಕ್ಕು ಬದಲಿಸಿ, ಹಳೆಯ ಬಂದರು ಹೂಳಿನಲ್ಲಿ ಮುಚ್ಚಿ, ಕೊಚ್ಚಿಯ ಬಂದರು ತೆರೆದುಕೊಂಡಿತೆಂದು ಇತಿಹಾಸಕಾರರು ಹೇಳುತ್ತಾರೆ. ಮುಜಿರಿಸ್‌ನ ಕುರುಹು ಹುಡುಕುತ್ತ ಪಟ್ಟಣಂ ಎಂಬ ಹಳ್ಳಿಯಲ್ಲಿ 2007ರಿಂದ ನಡೆಸಿದ ಉತ್ಖನನದಲ್ಲಿ ಮಡಕೆ ಚೂರುಗಳು ರಾಶಿ ರಾಶಿಯಾಗಿ ಸಿಕ್ಕವು. ಕಲಾವಿದ ವಿವಾನ್ ಸುಂದರಂ ಮೊದಲ ಬಿನಾಲೆಯಲ್ಲಿ ಆ ಚೂರುಗಳನ್ನೇ ಹಾಸಿ ಒಂದು ಕಾಲ್ಪನಿಕ ನಗರ ಕಟ್ಟಿದರು. ಅದರ ಮೇಲೆ ನೀರು ನುಗ್ಗಿಸಿ, ಕರಿಮೆಣಸಿನ ಕಾಳು ತೇಲಿಬಿಟ್ಟು ಚಿತ್ರೀಕರಿಸಿದರು. ಕೃತಿಯ ಹೆಸರು ಬ್ಲ್ಯಾಕ್ ಗೋಲ್ಡ್, ಕಪ್ಪು ಚಿನ್ನ.

ಆರು ವರ್ಷದ ಬಳಿಕ ನೆರೆ ನಿಜವಾಗಿಯೇ ಬಂತು. 2018ರ ಆಗಸ್ಟಿನ ಪ್ರವಾಹ ಕೇರಳವನ್ನು ಅಲ್ಲಾಡಿಸಿದ ನಾಲ್ಕೇ ತಿಂಗಳಿಗೆ ನಾಲ್ಕನೇ ಬಿನಾಲೆ ನಡೆಯಿತು. ಬಾಂಗ್ಲಾದೇಶದ ಕಲಾವಿದೆ ಮಾರ್ಜಿಯಾ ಫರ್ಹಾನಾ ಕೇರಳದ ಮನೆಗಳಲ್ಲಿ ನೆರೆಗೆ ಹಾಳಾದ ಫ್ರಿಜ್ಜು, ಟಿವಿ, ಕುರ್ಚಿ, ಪುಸ್ತಕಗಳನ್ನು ತಂದು ಕೋಣೆಯೊಳಗೆ ಸೂರಿನಿಂದ ತೂಗುಹಾಕಿದರು. ನೋಡಲು ಬಂದ ಎಷ್ಟೋ ಮಲಯಾಳಿಗಳ ಮನೆಯಲ್ಲಿ ಅಂಥದೇ ಫ್ರಿಜ್ಜು ಹಾಳಾಗಿತ್ತು. ಅವರಿಗೆ ಗೋಡೆಯ ಮೇಲಿನ ವಿವರಣೆ ಓದುವ ಅಗತ್ಯ ಬೀಳುವಂತಿರಲಿಲ್ಲ. ಕೊಚ್ಚಿಯ ಈ ಬಿನಾಲೆಗೆ ಕನ್ನಡ ನೆಲದ ನಂಟೂ ಇದೆ: 2016ರ ಆವೃತ್ತಿಯನ್ನು ರೂಪಿಸಿದ ಕ್ಯುರೇಟರ್ ಸುದರ್ಶನ್ ಶೆಟ್ಟಿ ಮಂಗಳೂರಿನಲ್ಲಿ ಹುಟ್ಟಿದವರು.

ಬೆಂಗಳೂರಿನಲ್ಲಿ ನೆಲದ ಇತಿಹಾಸ ಎಂದರೆ ಮುಖ್ಯವಾಗಿ ಕೆರೆಗಳ ಇತಿಹಾಸ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ಪೂಜೆಗೆಂದು ಅಲ್ಲೊಂದು ಪುಟ್ಟ ಕೊಳ ಉಳಿದಿದೆ. ನೆಲವನ್ನೇ ವಸ್ತುವಾಗಿಸುವ ಕಲೆಯನ್ನು ನಗರದಲ್ಲಿ ಎಲ್ಲರಿಗೂ ಗೊತ್ತುಮಾಡಿದವರು ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದನ್ನು ಕೊಳವಾಗಿಸಿ ಫೈಬರಿನ ಮೊಸಳೆ ಬಿಟ್ಟರು. 2019ರಲ್ಲಿ ಗಗನಯಾತ್ರಿಯ ವೇಷದವರೊಬ್ಬರು ಚಂದ್ರನ ಕುಳಿಗಳಂಥ ಗುಂಡಿಗಳ ನಡುವೆ ನಿಧಾನವಾಗಿ ಹೆಜ್ಜೆಯಿಡುವ ವಿಡಿಯೊ ಮಾಡಿದರು. ಎರಡೂ ಸಲ ಗುಂಡಿ ಮುಚ್ಚುವ ಕೆಲಸ ಬೇಗನೆ ಶುರುವಾಯಿತು. ಟಿಕೆಟ್ಟಿಲ್ಲ, ಕ್ಯುರೇಟರ್ ಇಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರೇ ಪ್ರೇಕ್ಷಕರು. ನಗು ಬರಿಸಿ ಕೆಲಸ ಮಾಡಿಸಿಕೊಳ್ಳುವ ಈ ವಿದ್ಯೆ ದೊಡ್ಡ ಬಿನಾಲೆಗಳಿಗೆ ಅಷ್ಟಾಗಿ ಒಲಿದಿಲ್ಲ. ಇನ್ನೊಂದು ತುದಿಯಲ್ಲಿ, ವಿಜ್ಞಾನಿಗಳನ್ನೂ ಕಲಾವಿದರನ್ನೂ ಒಟ್ಟಿಗೆ ಕೂಡಿಸುವ ಸೈನ್ಸ್ ಗ್ಯಾಲರಿ ಬೆಂಗಳೂರು 2024ರ ಜನವರಿಯಲ್ಲಿ ತನ್ನ ಸ್ವಂತ ಕಟ್ಟಡವನ್ನು ಇಂಗಾಲದ ಕುರಿತ ಪ್ರದರ್ಶನದೊಂದಿಗೆ ತೆರೆಯಿತು.

ಇಂಥ ಪ್ರದರ್ಶನಗಳನ್ನು ನಡೆಸುವುದು ಚಿತ್ರ ತೂಗುಹಾಕಿದಷ್ಟು ಸಲೀಸಲ್ಲ. ಕಾಳಿಗೆ ಹುಳ ಹಿಡಿಯುತ್ತದೆ, ಮಣ್ಣಿಗೆ ಬೂಸು ಬರುತ್ತದೆ. ಬೀಜ, ಮಣ್ಣು ಗಡಿ ದಾಟಬೇಕಾದರೆ ಸಸ್ಯರೋಗ ತಪಾಸಣೆಯ ಪತ್ರ ಬೇಕು, ಪುರಾತತ್ವ ಇಲಾಖೆಯ ವಸ್ತುವಿಗೆ ಇಲಾಖೆಯ ಅಪ್ಪಣೆ ಬೇಕು. ಕಲಾವಿದರು ಕಂದಾಯ ದಾಖಲೆ, ಹಳೆಯ ಸರ್ವೆ ನಕ್ಷೆ ಹುಡುಕುತ್ತ ಕಚೇರಿಗಳಿಗೆ ಅಲೆಯುವುದೂ ಉಂಟು.

ಟೀಕೆಗಳಿಗೂ ಕೊರತೆಯಿಲ್ಲ. ಕಲಾವಿದ ಓಲಾಫುರ್ ಎಲಿಯಾಸನ್ 2015ರ ಹವಾಮಾನ ಸಮ್ಮೇಳನದ ಹೊತ್ತಿಗೆ ಗ್ರೀನ್‌ಲ್ಯಾಂಡಿನ ಕಡಲಲ್ಲಿ ತೇಲುತ್ತಿದ್ದ ಹನ್ನೆರಡು ಮಂಜುಗಡ್ಡೆಗಳನ್ನು ಪ್ಯಾರಿಸ್ಸಿಗೆ ತಂದು ಬೀದಿಯಲ್ಲಿ ಕರಗಲು ಬಿಟ್ಟರು. ಜನ ಮುಟ್ಟಿದರು, ಕಿವಿಯಿಟ್ಟು ಒಳಗಿನ ಗಾಳಿ ಬಿರಿಯುವ ಸದ್ದು ಕೇಳಿದರು. ಆದರೆ ಅಷ್ಟು ದೂರದಿಂದ ಮಂಜು ಸಾಗಿಸಲು ಸುಟ್ಟ ಇಂಧನದ ಮಾತೇನು ಎಂಬ ಪ್ರಶ್ನೆ ಎದ್ದೇ ಎದ್ದಿತು. ದುಡ್ಡು ಎಲ್ಲಿಂದ ಬಂತೆಂಬುದು ಮತ್ತೊಂದು ಪ್ರಶ್ನೆ. ಲಂಡನ್ನಿನ ಟೇಟ್ ಕಲಾಸಂಗ್ರಹಾಲಯಕ್ಕೆ ತೈಲ ಕಂಪನಿ ಬಿಪಿ ಕೊಡುತ್ತಿದ್ದ ಪ್ರಾಯೋಜಕತ್ವದ ವಿರುದ್ಧ ಕಲಾವಿದರೇ 2010ರಿಂದ ಸಂಗ್ರಹಾಲಯದೊಳಗೆ ಪ್ರತಿಭಟನೆ ನಡೆಸಿದರು. 2017ರಲ್ಲಿ ಆ ನಂಟು ಕೊನೆಗೊಂಡಿತು. ಎಲ್ಲಕ್ಕಿಂತ ಸಾಮಾನ್ಯವಾದ ದೋಷ ಮಾತಿನದು. ಗೋಡೆಯ ಮೇಲೆ ಉದ್ದುದ್ದ ಇಂಗ್ಲಿಷ್ ಬರೆದು, ಕೆಳಗೆ ಒಂದು ಹಿಡಿ ಮಣ್ಣಿಟ್ಟು, ಜಾಗೃತಿ ಮೂಡಿಸಿದೆವೆಂದುಕೊಳ್ಳುವ ಪ್ರದರ್ಶನಗಳು ಬೇಕಾದಷ್ಟಿವೆ. ಭಾಷಣ ಕೇಳಲು ಜನ ಗ್ಯಾಲರಿಗೆ ಹೋಗಬೇಕಾಗಿಲ್ಲ. ಬರಹ ತೆಗೆದುಹಾಕಿದರೂ ವಸ್ತು ತಾನೇ ಮಾತಾಡೀತೇ, ಪ್ರದರ್ಶನ ಮುಗಿದು ಲಾರಿ ಹೊರಟ ಮೇಲೆ ಆ ಜಾಗದಲ್ಲಿ ಏನಾದರೂ ಉಳಿಯುತ್ತದೆಯೇ ಎಂಬೆರಡು ಪ್ರಶ್ನೆ ಕೇಳಿದರೆ ಕಾಳು, ಜೊಳ್ಳು ಬೇರೆಯಾಗುತ್ತವೆ.

ಉಳಿಯುವುದಕ್ಕೂ ಖರ್ಚಿದೆ. ಕಾಸೆಲ್‌ನಲ್ಲಿ ಒಣಗಿದ, ಬಿರುಗಾಳಿಗೆ ಬಿದ್ದ ಮರಗಳ ಬದಲು ಹೊಸದನ್ನು ನೆಡಬೇಕು, ರಸ್ತೆ ಅಗೆದಾಗ ಸರಿದ ಕಲ್ಲನ್ನು ಮತ್ತೆ ನಿಲ್ಲಿಸಬೇಕು. ನಗರಾಡಳಿತದ ಉದ್ಯಾನ ವಿಭಾಗ ಇದನ್ನು ನಿತ್ಯದ ಕೆಲಸವಾಗಿ ಮಾಡುತ್ತದೆ. ಆ ಬೀದಿಗಳನ್ನು ಯಾವಾಗ ಬೇಕಾದರೂ, ಯಾರು ಬೇಕಾದರೂ ನಡೆದು ನೋಡಬಹುದು. ಮುಂದಿನ ಡಾಕ್ಯುಮೆಂಟಾ 2027ರ ಬೇಸಿಗೆಗೆ ನಿಗದಿಯಾಗಿದೆ. ಕರ್ನಾಟಕದವರಿಗೆ ಹತ್ತಿರವಾದದ್ದು ಕೊಚ್ಚಿ. ಅಲ್ಲಿ ಬಿನಾಲೆ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಶುರುವಾಗಿ ಮಾರ್ಚ್‌ವರೆಗೆ ನಡೆಯುತ್ತದೆ. ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಗಳ ಹಳೆಯ ಉಗ್ರಾಣಗಳಲ್ಲಿ ಹರಡಿಕೊಂಡಿರುವ ಅದನ್ನು ನೋಡಿ ಮುಗಿಸಲು ಕನಿಷ್ಠ ಎರಡು ದಿನವಾದರೂ ಬೇಕು.